ರಬ್ಬರ್ ಪಟ್ಟಿಯ ಮೇಲಿನ ವಿಭೂತಿ

ನನ್ನ ಮೊಮ್ಮಗಳ ಜೆಲ್ಲು ಮೂರು ಸಲ ಸೋರಿತು. ಮೂರು ಸಲವೂ ಸೋರಿಸಿದವಳು ನಾನೇ. ಈಗ ಇದನ್ನು ಯಾರ ಮುಂದೆ ಬೇಕಾದರೂ ಹೇಳಿಕೊಂಡು ನಗುತ್ತೇನೆ. ಡೈರಿಗೆ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಹೇಳಿದ್ದೇನೆ. ಬೇಗೂರಿನಲ್ಲಿರುವ ತಂಗಿಗೆ ಫೋನಿನಲ್ಲಿ ಎರಡು ಸಲ ಹೇಳಿದ್ದೇನೆ. ಎರಡನೇ ಸಲ ಅವಳು ಮೊನ್ನೆಯೇ ಹೇಳಿದೆಯಲ್ಲ ಅಕ್ಕ ಎಂದರೂ ಬಿಡದೆ ಕಡೆಯವರೆಗೂ ಹೇಳಿ ಮುಗಿಸಿದ್ದೇನೆ. ಆದರೆ ಆ ಮೂರು ವಾರ ನಮ್ಮ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಅದನ್ನೂ ಬರೆಯಬೇಕು.

ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಓದಲು ಬರುತ್ತದೆ, ಬರೆಯಲು ಬರುತ್ತದೆ, ನಿಧಾನ ಅಷ್ಟೆ. ನನ್ನ ಮಗನ ಮಗಳು ಎಂ.ಎಸ್ಸಿ. ಓದುತ್ತಾಳೆ. ಹರವೆಯ ಪಕ್ಕದ ನಮ್ಮೂರಿನಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋಗಿ ಸಂಜೆ ವಾಪಸು ಬರುತ್ತಾಳೆ. ಕಾಳಿನೊಳಗೆ, ಹಾಲಿನೊಳಗೆ, ರಕ್ತದೊಳಗೆ ಇರುವ ಪ್ರೋಟೀನನ್ನು ಬಿಡಿಸಿ ನೋಡುವ ಓದು ಅದು. ಎಲ್ಲರೂ ಒಂದೊಂದು ಪ್ರಾಜೆಕ್ಟು ಮಾಡಬೇಕು ಎಂದಾಗ ಅವಳು ಹುರುಳಿ ಆರಿಸಿಕೊಂಡಳು. ಅದಕ್ಕೆ ಕಾರಣ ನಾನು ಮತ್ತು ನನ್ನ ತಂಗಿ. ಬೇಗೂರಿನ ಹುರುಳಿಕಟ್ಟಿನ ಸಾರೇ ಸಾರು ಎಂದು ಅವಳು, ನಮ್ಮ ಹೊಲದ ಹುರುಳಿಯ ಮುಂದೆ ಅದು ಬರೀ ಬಿಸಿನೀರು ಎಂದು ನಾನು, ಮದುವೆಯಾಗಿ ಊರು ಬೇರೆಯಾದಾಗಿನಿಂದ ಜಗಳವಾಡುತ್ತಲೇ ಬಂದಿದ್ದೇವೆ. ಎರಡು ಹುರುಳಿಯ ಪ್ರೋಟೀನನ್ನೂ ಅಕ್ಕಪಕ್ಕ ಇಟ್ಟು ನೋಡಿಬಿಡುತ್ತೇನೆ ಎಂದಳು ಹುಡುಗಿ. ಅವಳ ಮೇಡಮ್ಮಿಗೂ ಅದು ಹಿಡಿಸಿತು. ತಂಗಿ ಒಂದು ಸೇರು ಹುರುಳಿಯನ್ನು ಗಂಟು ಕಟ್ಟಿ ಗುಂಡ್ಲುಪೇಟೆಗೆ ಸಂತೆಗೆ ಬರುವವರ ಕೈಯಲ್ಲಿ ಕಳಿಸಿದಳು, ಕಲ್ಲು ಆರಿಸಿ, ಕೇರಿ, ಮದುವೆ ಹೆಣ್ಣನ್ನು ಕಳಿಸಿದ ಹಾಗೆ.

ಪ್ರೋಟೀನು ನೋಡಬೇಕಾದರೆ ಜೆಲ್ಲು ಬೇಕು. ಇದನ್ನು ನನಗೆ ಹುಡುಗಿ ಅಡುಗೆಮನೆಯಲ್ಲಿ ಕೂತು ತೋರಿಸಿದ್ದು. ಅಂಗೈ ಅಗಲದ ಎರಡು ಗಾಜು, ಒಂದು ಚೂರು ಗಿಡ್ಡ, ಒಂದು ಚೂರು ಎತ್ತರ. ನಡುವೆ ಉಗುರಿನ ದಪ್ಪದಷ್ಟು ಸಂದು. ಎರಡನ್ನೂ ಜೋಡಿಸಿ ಒಂದು ಚೌಕಟ್ಟಿಗೆ ಸಿಕ್ಕಿಸಿ, ಸ್ಟ್ಯಾಂಡಿನಲ್ಲಿರುವ ರಬ್ಬರ್ ಪಟ್ಟಿಯ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಬಿಗಿಯಬೇಕು. ಆ ಸಂದಿಗೆ ನೀರಿನಂಥ ಔಷಧಿ ಸುರಿದರೆ ಮುಕ್ಕಾಲು ಗಂಟೆಯಲ್ಲಿ ತಾಳೆಕಾಯಿಯೊಳಗಿನ ತಾಟಿನುಂಗಿನ ಹಾಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಕಾಳಿನ ರಸವನ್ನು ಅದರ ತಲೆಯ ಮೇಲಿನ ಗುಳಿಗಳಿಗೆ ಬಿಟ್ಟು ಕರೆಂಟು ಕೊಡುತ್ತಾರೆ. ಬೇಲಿಯ ಸಂದಿನಲ್ಲಿ ಕುರಿಮರಿ ನುಸುಳಿ ಮುಂದೆ ಓಡಿ, ಟಗರು ಸಿಕ್ಕಿಕೊಂಡು ಹಿಂದೆ ಉಳಿಯುತ್ತದಲ್ಲ, ಹಾಗೆ ಸಣ್ಣ ಪ್ರೋಟೀನು ಬೇಗ ಕೆಳಗಿಳಿಯುತ್ತದೆ, ದೊಡ್ಡದು ಮೇಲೇ ನಿಲ್ಲುತ್ತದೆ. ನೀಲಿ ಬಣ್ಣ ಕುಡಿಸಿದರೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ.

ಎಲ್ಲ ಸರಿ. ಆದರೆ ಗಾಜಿನ ಬುಡಕ್ಕೂ ರಬ್ಬರಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೂ ಔಷಧಿ ಕಟ್ಟಿಕೊಳ್ಳುವ ಮೊದಲೇ ಸೋರಿಹೋಗುತ್ತದೆ. ಅದು ಕಟ್ಟಿಕೊಳ್ಳುವವರೆಗೆ ವಿಷವೂ ಹೌದಂತೆ, ಕೈಗೆ ಗ್ಲೌಸು ಹಾಕದೆ ಮುಟ್ಟುವ ಹಾಗಿಲ್ಲ, ಕಾಲೇಜಿನಿಂದ ಆಚೆ ತರುವ ಹಾಗಿಲ್ಲ. ಅದಕ್ಕೇ ಮೇಡಮ್ಮು ಇವಳ ಕೈಗೆ ಒಂದು ಹಳೆಯ ಸ್ಟ್ಯಾಂಡು, ಎರಡು ಜೊತೆ ಗಾಜು ಕೊಟ್ಟು, ಮೊದಲು ಮನೆಯಲ್ಲಿ ಬರೀ ನೀರು ನಿಲ್ಲಿಸುವುದನ್ನು ಕಲಿತುಕೋ, ಇದನ್ನೇ ನೀನು ಲ್ಯಾಬಿಗೂ ತಂದು ಉಪಯೋಗಿಸು ಎಂದಿದ್ದರು. ಹುಡುಗಿ ದಿನಾ ಸಂಜೆ ಅದನ್ನು ತೊಳೆದು, ಒರೆಸಿ, ಜೋಡಿಸಿ, ನೀರು ತುಂಬಿಸಿ, ಗಾಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಕೂರುತ್ತಿದ್ದಳು. ನೀರು ಗೆರೆಯಿಂದ ಇಳಿಯುತ್ತಿರಲಿಲ್ಲ. ಒಂದು ದಿನ ಮುದ್ದೆ ತಿಂದು, ಪಾತ್ರೆ ತೊಳೆದು ಬಂದು ನೋಡಿದರೂ ಅಲ್ಲೇ ಇತ್ತು.

ಇನ್ನು ನನ್ನ ಕಡೆಯ ಮಾತು. ನಮ್ಮದು ಶಿವನ ಒಕ್ಕಲು. ಬೆಳಿಗ್ಗೆ ಪೂಜೆ ಮುಗಿಸಿ ಎದ್ದಾಗ ಬೆರಳಿನಲ್ಲಿ ವಿಭೂತಿ ಇನ್ನೂ ಹಸಿಯಾಗಿರುತ್ತದೆ. ಹೊಸಿಲು ದಾಟಿ ಕೆಲಸಕ್ಕೆ ಹೋಗುವ ಯಾವುದನ್ನೂ ವಿಭೂತಿ ಹಚ್ಚದೆ ಕಳಿಸಬಾರದು ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ಅವರ ಕಾಲದಲ್ಲಿ ನೇಗಿಲು, ಎತ್ತಿನ ಕೊಂಬು. ನನ್ನ ಕಾಲಕ್ಕೆ ಪವರ್ ಟಿಲ್ಲರು, ಅರಿಶಿನಕ್ಕೆ ಔಷಧಿ ಹೊಡೆಯುವ ಕ್ಯಾನು, ಸೊಸೆಯ ಹೊಲಿಗೆ ಮಿಷಿನ್ನು. ಮಗನ ಫೋನಿನ ಚಾರ್ಜರಿಗೂ ಮೂರು ಬೆರಳು ಎಳೆದಿದ್ದೇನೆ. ಸ್ಟ್ಯಾಂಡು ಮನೆಗೆ ಬಂದ ಮಾರನೇ ಬೆಳಿಗ್ಗೆಯೇ ನನ್ನ ಬೆರಳು ಅತ್ತ ಹೋಯಿತು. ಹುಡುಗಿ ಹಲ್ಲುಜ್ಜುತ್ತಲೇ ಓಡಿ ಬಂದಳು.

"ಅಜ್ಜಿ, ಗಾಜ್ ಮುಟ್ಬ್ಯಾಡ. ಬೆರಳ್ ಗುರ್ತೂ ಬೀಳಂಗಿಲ್ಲ ಅದ್ರ ಮ್ಯಾಲೆ."

ಮುಟ್ಟಲಿಲ್ಲ. ದೇವರಾಣೆ ಗಾಜನ್ನು ನಾನು ಮುಟ್ಟಲೇ ಇಲ್ಲ. ಅವಳು ಸ್ನಾನಕ್ಕೆ ಹೋದಾಗ ಎಲ್ಲ ತಿರುಗಿಸಿ ನೋಡಿದೆ. ಕೆಳಗಿನ ರಬ್ಬರ್ ಪಟ್ಟಿ ಬೂದಿ ಬಣ್ಣದ್ದೇ ಇತ್ತು. ವಿಭೂತಿ ಹಚ್ಚಿದರೆ ಕಾಣುವುದೇ ಇಲ್ಲ, ಅವಳಿಗೆ ಬೇಜಾರೂ ಇಲ್ಲ, ದೇವರಿಗೆ ಲೋಪವೂ ಇಲ್ಲ ಎಂದು ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಅವತ್ತಿನಿಂದ ದಿನಾ ಬೆಳಿಗ್ಗೆ ಆ ಪಟ್ಟಿಗೆ ಮೂರು ಬೆರಳು.

ಮೊದಲನೇ ಶನಿವಾರ ಸೋರಿತು. ಶನಿವಾರ ಮಾತ್ರ ಅವಳಿಗೆ ಲ್ಯಾಬಿನಲ್ಲಿ ಸರದಿ. ಹಿಂದಿನ ಸಂಜೆ ಮನೆಯಲ್ಲಿ ನೀರು ನಿಂತಿದೆಯಲ್ಲ ಎಂದು, ಅಲ್ಲಿ ಹೋಗಿ ತೊಳೆಯದೆ, ಪರೀಕ್ಷೆ ಮಾಡದೆ ನೇರವಾಗಿ ಔಷಧಿ ಸುರಿದಿದ್ದಾಳೆ. ಅವಳು ನೋಡುನೋಡುತ್ತಿದ್ದ ಹಾಗೆ ಗೆರೆ ಇಳಿದು ಇಳಿದು ಎಲ್ಲ ಮೇಜಿನ ಮೇಲೆ. ಮನೆಯಲ್ಲಿ ನಿಲ್ಲುವ ನೀರು ಕಾಲೇಜಿನಲ್ಲಿ ಯಾಕೆ ನಿಲ್ಲುವುದಿಲ್ಲ? ಆ ಮೇಜು ವಾರೆಯಾಗಿದೆ ಎಂದು ತೀರ್ಮಾನವಾಯಿತು. ಎರಡನೇ ಶನಿವಾರ ಮೇಜಿನ ಕಾಲಿಗೆ ರಟ್ಟು ಕೊಟ್ಟು, ಗಾಜಿನ ಬುಡಕ್ಕೆ ವ್ಯಾಸಲೀನು ಸವರಿದರಂತೆ. ವ್ಯಾಸಲೀನು ನನ್ನ ಬೂದಿಯ ಜೊತೆ ಕಲಸಿಕೊಂಡು ಮರಳು ಮರಳಾಗಿರಬೇಕು, ಮೊದಲಿಗಿಂತ ಬೇಗ ಸೋರಿತು. ಮೂರನೇ ಶನಿವಾರ ಸಿಟ್ಟಿಗೆ ಕ್ಲಿಪ್ಪನ್ನು ಇನ್ನೂ ಬಿಗಿಯಾಗಿ ಒತ್ತಿದ್ದಾಳೆ. ಗಾಜಿನ ಮೂಲೆ ಟಿಕ್ ಎಂದಿತು. ಅವತ್ತೂ ಸೋರಿತು, ಎರಡು ಜೊತೆಯಲ್ಲಿ ಒಂದು ಜೊತೆ ಗಾಜೂ ಹೋಯಿತು.

ನನ್ನ ಯಜಮಾನರು ಜಗಲಿಯ ಮೇಲೆ ಕೂತು, ನಿನ್ನ ಮೊಮ್ಮಗಳನ್ನು ಜರಡಿಯಲ್ಲಿ ನೀರು ತುಂಬುವ ಓದಿಗೆ ಸೇರಿಸಿದ್ದೀಯ, ಇದಕ್ಕೆ ಬಸ್ಸು ಹತ್ತಿ ಚಾಮರಾಜನಗರಕ್ಕೆ ಯಾಕೆ ಹೋಗಬೇಕು ಎಂದು ಕೆಣಕಿದರು. ದಿನಾ ಅವರಿಗೆ ತಿರುಗಿಸಿ ಕೊಡುವ ಹುಡುಗಿ ಅವತ್ತು ಚೀಲ ಹಿಡಿದು ನೇರ ಒಳಗೆ ಹೋದಳು. ಮೇಡಮ್ಮು ಕಡೆಯ ಮಾತು ಹೇಳಿದ್ದರು: ಬರುವ ಶನಿವಾರ ಕಡೆಯ ಸರದಿ. ಅವತ್ತು ಜೆಲ್ಲು ನಿಲ್ಲದಿದ್ದರೆ ಹುರುಳಿ ಬಿಟ್ಟು, ಲೈಬ್ರರಿಯಲ್ಲಿ ಕೂತು ಪುಸ್ತಕ ನೋಡಿ ಬರೆಯುವ ಪ್ರಾಜೆಕ್ಟು ತಗೋ. ಬೈದು ಹೇಳಿದ್ದಲ್ಲ, ವರ್ಷ ಮುಗಿಯುತ್ತಿತ್ತು, ಅದಕ್ಕೆ. ಆದರೆ ಇವಳು ಚಿಕ್ಕಂದಿನಿಂದ ಏನನ್ನಾದರೂ ಕೈಯಲ್ಲಿ ಬಿಚ್ಚಿ, ಜೋಡಿಸಿ ನೋಡಬೇಕು ಎನ್ನುವವಳು. ಮುಂದೆ ದೊಡ್ಡ ಲ್ಯಾಬಿನಲ್ಲಿ ಕೆಲಸ ಮಾಡಬೇಕು ಎಂದು ಆಸೆ ಕಟ್ಟಿಕೊಂಡವಳು. ರಾತ್ರಿ ಊಟಕ್ಕೆ ಕೂತಾಗ ತನ್ನ ಎರಡು ಅಂಗೈಯನ್ನೂ ತಿರುಗಿಸಿ ನೋಡಿಕೊಂಡಳು.

"ನೀ ಏಳಿದ್ದೇ ಸರಿ ಕಣಜ್ಜಿ. ನನ್ ಕೈಗುಣ ನೆಟ್ಗಿಲ್ಲ."

ಯಾವತ್ತೋ ಅವಳು ಕಟ್ಟಿದ ಮುದ್ದೆ ಒಡೆದಾಗ ನಾನು ತಮಾಷೆಗೆ ಅಂದ ಮಾತು ಅದು. ನನಗೆ ಮರೆತೇಹೋಗಿತ್ತು. ಅವಳು ಇಟ್ಟುಕೊಂಡಿದ್ದಳು.

ಆ ವಾರ ನಾನು ಮಾಡಿದ್ದೇನು ಗೊತ್ತೇ? ದೇವರಿಗೆ ಇನ್ನಷ್ಟು ಬೇಡಿಕೊಂಡೆ. ಪಟ್ಟಿಗೆ ವಿಭೂತಿಯನ್ನು ಇನ್ನಷ್ಟು ದಪ್ಪ ಹಚ್ಚಿದೆ.

ನಾಲ್ಕನೇ ಶನಿವಾರ ಬೆಳಿಗ್ಗೆ ಹುಡುಗಿ ಏಳಲೇ ಇಲ್ಲ. ಬಸ್ಸಿನ ಹೊತ್ತಾದರೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೋಗುವುದಿಲ್ಲ, ಲೈಬ್ರರಿಯದ್ದೇ ಆಗಲಿ ಎಂದಳು. ಮಗ ಸೊಸೆ ಆಗಲೇ ಅರಿಶಿನದ ಹೊಲಕ್ಕೆ ಹೋಗಿಯಾಗಿತ್ತು. ನಾನು ಸೀರೆ ಬದಲಿಸಿಕೊಂಡು ಬಂದು ಅವಳ ಬೆನ್ನ ಹಿಂದೆ ನಿಂತೆ.

"ಏಳಮ್ಮಿ. ನಾನೂ ಬತ್ತಿನಿ, ಓಗನ ನಡಿ. ಸೋರುದ್ರೆ ಇಬ್ರೂ ನೋಡ್ಕಂಡ್ ಬರನ."

ಅದೇನೋ, ಎದ್ದಳು. ಓಡಿ ಹೋಗಿ ಬಸ್ಸು ಹಿಡಿದೆವು. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರು ಚೀಟಿ ಹರಿದು ಕೊಟ್ಟ. ಬಟ್ಟೆಯ ಚೀಲದಲ್ಲಿ ಸ್ಟ್ಯಾಂಡು ನನ್ನ ತೊಡೆಯ ಮೇಲಿತ್ತು. ಹುಡುಗಿ ಕಿಟಕಿಯ ಆಚೆ ನೋಡುತ್ತಿದ್ದಳು. ಆಗ ನೆನಪಾಯಿತು, ಅವಸರದಲ್ಲಿ ಇವತ್ತು ಪಟ್ಟಿಗೆ ವಿಭೂತಿ ಹಚ್ಚಿಲ್ಲ. ಇಂಥ ದಿನವೇ ತಪ್ಪಿತಲ್ಲ ಎಂದು ಜೀವ ಹಾರಿತು. ಸೊಂಟದ ಸಂಚಿಯಲ್ಲಿ ವಿಭೂತಿ ಗಟ್ಟಿ ಯಾವಾಗಲೂ ಇರುತ್ತದೆ. ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ, ಗಟ್ಟಿಯನ್ನು ತೀಡಿ, ಚೀಲದೊಳಗೆ ಕೈ ಬಿಟ್ಟು, ಕಣ್ಣು ಮುಚ್ಚಿ, ಪಟ್ಟಿಯ ಉದ್ದಕ್ಕೂ ಎಳೆದೆ. ಒಂದು ಸಲ ಸಾಲದು ಎಂದು ಎರಡು ಸಲ ಎಳೆದೆ. ಪಕ್ಕದಲ್ಲಿ ಕೂತಿದ್ದ ಉಮ್ಮತ್ತೂರಿನ ಹೆಂಗಸು, ಚೀಲದಲ್ಲಿ ದೇವರಿದೆಯೇ ಎಂದು ಕೇಳಿ ತಾನೂ ಕೈ ಮುಗಿದಳು.

ಲ್ಯಾಬಿನ ಬಾಗಿಲ ಹತ್ತಿರ ಮೇಡಮ್ಮು ನನಗೆ ಒಂದು ಸ್ಟೂಲು ಹಾಕಿಸಿಕೊಟ್ಟರು. ಏನನ್ನೂ ಮುಟ್ಟಬಾರದು ಅಷ್ಟೆ ಎಂದರು. ಒಳಗೆ ಇವಳೂ ಇವಳ ಜೊತೆಯವಳೂ ಇಬ್ಬರೇ ಇದ್ದರು. ಜೊತೆಯವಳು ಪೇಟೆಯ ಸಾಬರ ಮನೆಯ ಹುಡುಗಿ, ಅವಳ ತಂದೆಗೆ ಗಾಜು, ಕನ್ನಡಿ ಕತ್ತರಿಸಿ ಕೊಡುವ ಅಂಗಡಿ ಇದೆ. ಆ ವಾರ ಅವಳ ಕೆಲಸ ಮುಗಿದಿತ್ತು, ಇವಳಿಗೆ ಧೈರ್ಯ ಕೊಡಲೆಂದೇ ಬಂದಿದ್ದಳು. ಕ್ಲಿಪ್ಪು ಒತ್ತುವ ಮೊದಲು, ಕೊಡೇ ಇಲ್ಲಿ ಎಂದು ಗಾಜನ್ನು ಇಸಕೊಂಡು ಬುಡದ ಅಂಚಿಗೆ ಉಗುರು ಓಡಿಸಿ ನೋಡಿದಳು. ಗಾಜಿನ ಮುಕ್ಕು ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತದೆ ಎಂದು ಅವಳ ತಂದೆ ಹೇಳಿಕೊಟ್ಟಿದ್ದರಂತೆ. ಗಾಜಿನಲ್ಲಿ ಮುಕ್ಕಿರಲಿಲ್ಲ. ಅದೇ ಓಟದಲ್ಲಿ ರಬ್ಬರ್ ಪಟ್ಟಿಗೂ ಉಗುರು ಓಡಿಸಿದಳು. ನಿಂತಳು. ಉಗುರನ್ನು ಬೆಳಕಿಗೆ ಹಿಡಿದಳು.

"ಇದೇನೇ ಇದು, ಬೂದಿ ಇದ್ದಂಗಿದೆ?"

ನನ್ನ ಮೊಮ್ಮಗಳು ಅವಳ ಉಗುರು ನೋಡಿದಳು. ಆಮೇಲೆ ತಿರುಗಿ ನನ್ನ ಹಣೆ ನೋಡಿದಳು.

"ಅಜ್ಜಿ."

"ಏನಮ್ಮಿ?"

"ಇದ್ಕೂ ಅಚ್ಚುದ್ಯಾ?"

"ಗಾಜ್ ಮುಟ್ನಿಲ್ಲ ಕಣಮ್ಮಿ. ರಬ್ಬರ್‌ಗೆ ಮಾತ್ರ."

"ಯಾವತ್ತಿಂದ?"

"ತಂದ್ ಮಾರ್ನೇ ದಿನದಿಂದ. ಒಂದಿನಾನೂ ತಪ್ಸಿಲ್ಲ." ಅದನ್ನು ಇನ್ನೂ ಹೆಮ್ಮೆಯಲ್ಲೇ ಹೇಳಿದೆ ನಾನು.

ಮೇಡಮ್ಮು ಬಂದು ಪಟ್ಟಿ ನೋಡಿದರು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಆಮೇಲೆ ನನಗೆ ಅರ್ಥವಾಗುವ ಹಾಗೆ ಹೇಳಿದರು: ರಬ್ಬರು ಗಾಜಿಗೆ ಅಂಟಿ ಕೂತರೆ ತಾನೇ ಸಂದು ಮುಚ್ಚುವುದು, ನಡುವೆ ಬೂದಿಯ ಕಣ ಕೂತರೆ ಒಂದೊಂದು ಕಣದ ಪಕ್ಕದಲ್ಲೂ ಒಂದೊಂದು ಕಿಂಡಿ. ಸಂಜೆ ಇವಳು ತೊಳೆದು ನೀರು ನಿಲ್ಲಿಸುತ್ತಿದ್ದಳು, ಬೆಳಿಗ್ಗೆ ನಾನು ಕಿಂಡಿ ತೆಗೆದು ಕಳಿಸುತ್ತಿದ್ದೆ. ಮೂರು ವಾರ, ಒಂದು ಜೊತೆ ಗಾಜು, ಮಗುವಿನ ಕಣ್ಣೀರು, ಎಲ್ಲ ನನ್ನ ಮೂರು ಬೆರಳಿನಿಂದ. ತಪ್ಪಾಯಿತು ತಾಯಿ ಎಂದು ಮೇಡಮ್ಮಿಗೆ ಕೈ ಮುಗಿಯಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡು, ನಾನೂ ಮೂರು ಸಲವೂ ಗಾಜನ್ನೇ ನೋಡಿದೆ ಅಮ್ಮ, ರಬ್ಬರನ್ನು ನಾನೂ ನೋಡಲಿಲ್ಲ ಎಂದರು. ಇವಳ ಕಡೆ ತಿರುಗಿ, ನಿನ್ನೆ ಮನೆಯಲ್ಲಿ ನಿಂತ ನೀರು ಇವತ್ತಿಗೆ ಲೆಕ್ಕಕ್ಕಿಲ್ಲ, ಸುರಿಯುವ ಜಾಗದಲ್ಲಿ, ಸುರಿಯುವ ಮೊದಲು ನೋಡಬೇಕು ಎಂದು ಸ್ವಲ್ಪ ಗದರಿದರು.

ಮೊಮ್ಮಗಳು ಗದರಿದ್ದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಮುಖ ನಿಧಾನವಾಗಿ ಅರಳುತ್ತಿತ್ತು.

"ಅಂಗಾರೆ ನನ್ ಕೈ ನೆಟ್ಗೇ ಅದೆ ಅಲ್ವಾ ಅಜ್ಜಿ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ಕೆಟ್ಟದ್ದು ನನ್ನ ಕೈ, ನಿನ್ನದಲ್ಲ ಎಂದೆ. ಹಾಗನ್ನುವಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ತಪ್ಪು ಮಾಡಿ ಸಿಕ್ಕಿಬಿದ್ದವರಿಗೆ ಅಷ್ಟು ಸಂತೋಷ ಆಗಬಾರದು.

ಆಮೇಲೆ ಅವಳ ಕೈ ಓಡಿದ ಚೆಂದ ನೋಡಬೇಕಿತ್ತು. ಪಟ್ಟಿಯನ್ನು ಸ್ಟ್ಯಾಂಡಿನಿಂದ ಬಿಡಿಸಿ, ಬಿಸಿನೀರು, ಸೋಪು ಹಾಕಿ ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿದಳು. ಸ್ಪಿರಿಟ್ಟಿನಲ್ಲಿ ಗಾಜು ಒರೆಸಿ ಆರಲು ಬಿಟ್ಟಳು. ಎರಡು ಗಾಜನ್ನೂ ಮೇಜಿನ ಮೇಲೆ ಕುಟ್ಟದೆ, ಮೆಲ್ಲಗೆ ನಿಲ್ಲಿಸಿ, ಬುಡ ಸಮ ಬಂತೇ ಎಂದು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಆಮೇಲೆ ಕ್ಲಿಪ್ಪು ಹಾಕಿದಳು. ಎರಡು ಕಡೆಯೂ ಒಂದೇ ಸಮ, ಜಾಸ್ತಿ ಬಿಗಿಯಲಿಲ್ಲ. ಜೊತೆಯವಳು ಸ್ಟ್ಯಾಂಡಿನ ಕೆಳಗೆ ಒಂದು ತೆಳ್ಳನೆಯ ಕಾಗದ ಹಾಸಿದಳು, ಒಂದು ತೊಟ್ಟು ಬಿದ್ದರೂ ಗೊತ್ತಾಗಲಿ ಎಂದು. ನೀರು ಬಿಟ್ಟರು, ಗೆರೆ ಎಳೆದರು.

ಹತ್ತು ನಿಮಿಷ. ನಾನು ಹಸು ಈಯುವುದನ್ನು ಕಾದಿದ್ದೇನೆ, ಸೊಸೆಯ ಹೆರಿಗೆಯಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದೇನೆ. ಆಗ ಹುಟ್ಟಿದವಳೇ ಇವಳು. ಅವತ್ತಿಗಿಂತ ಈ ಹತ್ತು ನಿಮಿಷ ಉದ್ದವಾಗಿತ್ತು. ಬಾಯಲ್ಲಿ ಶಿವ ಶಿವ ಎನ್ನುತ್ತಿದ್ದೆ, ಕೈ ಮಾತ್ರ ಸೆರಗಿನೊಳಗೆ ಭದ್ರವಾಗಿ ಸುತ್ತಿಟ್ಟುಕೊಂಡಿದ್ದೆ. ಜೊತೆಯವಳು ಫೋನು ನೋಡಿ ನಿಮಿಷ ಹೇಳುತ್ತಿದ್ದಳು. ಏಳು ಎಂದಾಗ ನನಗೆ ಕಾಗದದ ಮೇಲೆ ಒಂದು ಕಲೆ ಕಂಡ ಹಾಗಾಗಿ ಸ್ಟೂಲಿನಿಂದ ಎದ್ದೆ. ನೆರಳಂತೆ. ಕೂರಜ್ಜಿ ಎಂದು ಮೂವರೂ ಒಟ್ಟಿಗೆ ಹೇಳಿದರು, ಮೇಡಮ್ಮೂ ಸೇರಿ.

ಕಾಗದ ಒಣಗಿಯೇ ಇತ್ತು. ನೀರು ಗೆರೆಯ ಮೇಲೇ ಇತ್ತು.

ನೀರು ಬಗ್ಗಿಸಿ ಚೆಲ್ಲಿ, ಸಂದಿಗೆ ಕಾಗದದ ಚೂರು ಇಳಿಬಿಟ್ಟು ತೇವ ಹೀರಿಸಿ, ಗ್ಲೌಸು ಹಾಕಿಕೊಂಡು ಔಷಧಿ ಬಿಟ್ಟಳು. ಒಂದೇ ಸಮನೆ, ಗುಳ್ಳೆ ಏಳದ ಹಾಗೆ, ಎಳೆಗೂಸಿಗೆ ಒಳಲೆಯಲ್ಲಿ ಹಾಲು ಕುಡಿಸುವ ಹಾಗೆ. ಬೀಕರಿನಲ್ಲಿ ಒಂದು ಚೂರು ಉಳಿಸಿಕೊಂಡಿದ್ದಳು. ಅದು ಕಟ್ಟಿಕೊಂಡರೆ ಒಳಗಿನದೂ ಕಟ್ಟಿಕೊಂಡಿದೆ ಎಂದು ಗುರುತಂತೆ. ಮುಕ್ಕಾಲು ಗಂಟೆಯ ಮೇಲೆ ಬೀಕರನ್ನು ನನ್ನ ಮುಂದೆ ತಂದು ಬಗ್ಗಿಸಿದಳು. ಏನೂ ಬೀಳಲಿಲ್ಲ. ತಾಟಿನುಂಗು. ಮುಟ್ಟಬೇಕೆಂದು ಬೆರಳು ತುರಿಸಿತು. ಮುಟ್ಟಲಿಲ್ಲ.

ಸೋಮವಾರ ಸಂಜೆ ಬಸ್ಸು ಇಳಿದವಳು ಚೀಲವನ್ನು ಜಗಲಿಯ ಮೇಲೆ ಎಸೆದು ಫೋನು ತೆಗೆದು ಫೋಟೋ ತೋರಿಸಿದಳು. ತೆಳ್ಳನೆಯ ಹಾಳೆಯಂಥ ಜೆಲ್ಲಿನ ಮೇಲೆ ನೀಲಿ ಪಟ್ಟೆಗಳು, ಒಂದರ ಕೆಳಗೊಂದು, ಎರಡು ಸಾಲು: ಒಂದು ನಮ್ಮದು, ಒಂದು ಬೇಗೂರಿನದು. ಎರಡೂ ಅಕ್ಕತಂಗಿಯರ ಹಾಗೆ ಒಂದೇ ಥರ, ಬೇಗೂರಿನದರಲ್ಲಿ ಮಾತ್ರ ಕೆಳಗೆ ಒಂದು ಪಟ್ಟೆ ಕೊಂಚ ದಪ್ಪ. ಇದರಿಂದ ಸಾರಿನ ರುಚಿ ಗೊತ್ತಾಗುವುದಿಲ್ಲ, ಇನ್ನೂ ಎರಡು ಸಲ ಮಾಡಿ ನೋಡಬೇಕು ಎಂದು ಅವಳು ಎಷ್ಟು ಹೇಳಿದರೂ, ಫೋಟೋ ತಲುಪಿದ ಮರುಗಳಿಗೆಯೇ ತಂಗಿ ಫೋನು ಮಾಡಿ ತಾನೇ ಗೆದ್ದೆ ಎಂದಳು. ಗೆದ್ದುಕೋ ಎಂದೆ. ಅವತ್ತು ಬೇಗೂರಿನ ಹುರುಳಿಯನ್ನೇ ಬೇಯಿಸಿ ಕಟ್ಟಿನ ಸಾರು ಮಾಡಿದೆ. ಚೆನ್ನಾಗಿಯೇ ಇತ್ತು, ಇದನ್ನು ಮಾತ್ರ ಅವಳಿಗೆ ಫೋನಿನಲ್ಲಿ ಹೇಳಿಲ್ಲ. ಯಜಮಾನರು ಫೋಟೋವನ್ನು ಕನ್ನಡಕ ಹಾಕಿ, ತೆಗೆದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಜರಡಿಯ ಮಾತು ಎತ್ತಲಿಲ್ಲ. ಹುಡುಗಿಯೇ ಎತ್ತಿದಳು.

"ತಾತ, ಜರ್ಡೀಲಿ ನೀರ್ ತುಂಬ್ಕಂಡ್ ಬಂದಿನಿ, ಕುಡಿತೀಯಾ?"

ಈಗ ನಮ್ಮಲ್ಲಿ ಒಂದು ಒಪ್ಪಂದ ಆಗಿದೆ. ಬೆಳಿಗ್ಗೆ ನಾನು ಪೂಜೆಯಿಂದ ಎದ್ದ ಕೂಡಲೇ ಅವಳು ಬಂದು ಹಣೆ ಒಡ್ಡಿ ನಿಲ್ಲುತ್ತಾಳೆ. ಮೂರು ಬೆರಳನ್ನೂ ಅಲ್ಲೇ ಖಾಲಿ ಮಾಡಬೇಕು. ಸ್ಟ್ಯಾಂಡಿನ ಚೀಲ ಅಟ್ಟದ ಮೇಲೆ, ನನಗೆ ಎಟುಕದ ಕಡೆ ಇರುತ್ತದೆ. ಟಿಲ್ಲರು, ಚಾರ್ಜರು ನನ್ನವೇ.

ಮೊನ್ನೆ ಜೂನಿಯರ್ ಹುಡುಗಿಯೊಬ್ಬಳ ಜೆಲ್ಲು ಸೋರಿತಂತೆ. ಮೇಡಮ್ಮು ಅವಳನ್ನು ನನ್ನ ಮೊಮ್ಮಗಳ ಹತ್ತಿರವೇ ಕಳಿಸಿದರು, ಅವಳ ಕೈ ಚೆನ್ನಾಗಿದೆ, ಹೋಗಿ ಕಲಿತುಕೋ ಎಂದು. ಇವಳು ಗಾಜೂ ನೋಡಲಿಲ್ಲ, ರಬ್ಬರೂ ನೋಡಲಿಲ್ಲ, ಮೊದಲು ಒಂದು ಮಾತು ಕೇಳಿದಳಂತೆ.

"ನಿಮ್ಮನೇಲಿ ಅಜ್ಜಿ ಇದ್ದಾರಾ?"

ಇದ್ದಾರೆ ಎಂದಳಂತೆ ಆ ಹುಡುಗಿ.